ನಾಲ್ಕು ಚೀಲ ಹಳೆ ಕಾಳು

ಟನ್ನುಗಟ್ಟಲೆ ಕಾಳು ಕೊಳ್ಳುವವನಿಗೆ ಒಂದು ಬಟ್ಟಲು ಕಾಳು ತಿನ್ನುವ ಚಪಲ ಯಾಕೆ? ನೀವೇ ಹೇಳಿ. ಆ ತುರ್ಕಿಯವನು ಫೆಬ್ರವರಿಯ ಹಿಮದಲ್ಲಿ ನಮ್ಮ ಮನೆಗೆ ಬಂದು, ಉಣ್ಣೆ ಜಮಖಾನೆಯ ಮೇಲೆ ಕೂತು, ಮೊದಲ ಬಟ್ಟಲು ಚಹಾ ಮುಗಿಸಿ ಕೇಳಿದ್ದೇ ಅದನ್ನು.

"ಅಕ್ಕಾ, ನಿಮ್ಮ ಹೊಲದ ಬೀನ್ಸ್ ಕಾಳು ಒಂದು ಹಿಡಿ ಬೇಯಿಸಿ ಕೊಡ್ತೀರಾ? ಬೇರೇನೂ ಬೇಡ, ಉಪ್ಪು ಹಾಕಿದ್ರೆ ಸಾಕು."

ನಾನು ನಕ್ಕುಬಿಟ್ಟೆ. ನನ್ನ ಗಂಡ ಎಸೆನ್ ನಗಲಿಲ್ಲ, ಬಟ್ಟಲಿನೊಳಗೆ ನೋಡುತ್ತಾ ಕೂತ. ತಲಾಸ್ ಕಣಿವೆಯಲ್ಲಿ ಕಾಳು ಬೆಳೆಯುತ್ತೇವೆ, ಒಕ್ಕುತ್ತೇವೆ, ಚಳಿಗಾಲವಿಡೀ ಹೆಂಗಸರು ಕೂತು ಆರಿಸುತ್ತೇವೆ, ಚೀಲ ತುಂಬಿ ಲಾರಿಗೆ ಹಾಕುತ್ತೇವೆ. ತಿನ್ನುವುದು ಯಾರು? ನನ್ನ ಮದುವೆಯಾಗಿ ಇಪ್ಪತ್ತಾರು ವರ್ಷ, ಒಂದು ದಿನವೂ ನಮ್ಮ ಒಲೆಯ ಮೇಲೆ ಕಾಳು ಬೆಂದಿಲ್ಲ. ನಮಗೆ ಹಿಟ್ಟಿದೆ, ಹಾಲಿದೆ, ಕುರಿಯಿದೆ. ಅದರಲ್ಲೂ ಮನೆಗೆ ಬಂದ ಅತಿಥಿಗೆ ಕಾಳು ಬೇಯಿಸಿ ಇಟ್ಟರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿದೆಯೇ?

"ಅಯ್ಯೋ, ಏನು ಮಾತು ಅಂತ ಆಡ್ತೀಯಪ್ಪಾ!" ಎಂದೆ. ಎಸೆನ್ ಎದ್ದು ಹೋಗಿ ಕುರಿ ಕೊಯ್ದ. ಸಂಜೆಗೆ ಅತಿಥಿಯ ಮುಂದೆ, ದೊಡ್ಡ ಗೌರವದವರಿಗೇ ಮೀಸಲಾದ ಸೊಂಟದ ಮೂಳೆಯ ಮಾಂಸ ಇಟ್ಟೆವು. ಅವನು ತಿಂದ. ಆದರೆ ಅವನ ಮುಖದಲ್ಲಿ ಒಂದು ಥರದ ನಿರಾಸೆಯಿತ್ತು, ಅದನ್ನು ನಾನು ಗಮನಿಸಿದೆ. ಕುರಿಯ ಸೊಂಟದ ಮೂಳೆ ಕೊಟ್ಟರೂ ಮುಖ ಅರಳದವನು ವ್ಯಾಪಾರಿಯಲ್ಲ, ಬೇರೆ ಯಾವುದೋ ಕೆಲಸಕ್ಕೆ ಬಂದವನು ಎಂದು ಆಗಲೇ ನನ್ನ ಮನಸ್ಸು ಹೇಳಿತು.

ಅವನ ಹೆಸರು ಜೆವ್ದೆತ್. ನಲವತ್ತರ ಆಸುಪಾಸು, ಬೋಳು ಹಣೆ, ಒಳ್ಳೆಯ ಬೂಟು. ಮಾತು ನಮ್ಮದಕ್ಕೆ ಹತ್ತಿರದ್ದೇ, ಆದರೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಆಡುತ್ತಿದ್ದ. ಊರಲ್ಲಿ ಹೋಟೆಲಿಲ್ಲ, ನಮ್ಮ ಮನೆ ರಸ್ತೆಯ ಪಕ್ಕಕ್ಕಿದೆ. ಹಾಗಾಗಿ ನಮ್ಮಲ್ಲೇ ಉಳಿದ.

ಈಗ ನನ್ನ ಗುಟ್ಟು ಹೇಳಿಬಿಡುತ್ತೇನೆ. ಮುಚ್ಚಿಟ್ಟು ಏನು ಪ್ರಯೋಜನ, ಈಗ ಇಡೀ ಊರಿಗೇ ಗೊತ್ತು.

ನಮ್ಮ ಕಾಳು ಸಮುದ್ರ ನೋಡಬೇಕಾದರೆ ಎರಡು ದೇಶ ದಾಟಬೇಕು. ಹೋದ ವರ್ಷ ಮೊದಲ ಗೇಟೇ ದಾಟಲಿಲ್ಲ. ದೊಡ್ಡವರಿಗೂ ದೊಡ್ಡವರಿಗೂ ಏನೋ ಮಾತು ಬಂತಂತೆ, ಗಡಿಯಲ್ಲಿ ಲಾರಿಗಳು ಮೈಲುಗಟ್ಟಲೆ ನಿಂತವು. ನಮ್ಮೂರಿನ ದಲ್ಲಾಳಿ ಆಲಿಮ್‌ಕುಲ್ ಬಂದು, "ಗೇಟು ಮುಚ್ಚಿದೆ, ಅರ್ಧ ಬೆಲೆಗೆ ಕೊಡ್ತೀರಾ?" ಎಂದು ಕೇಳಿದ. ಅವನು ಪ್ರತಿ ವರ್ಷವೂ ಗೇಟು ಮುಚ್ಚಿದೆ ಅಂತಲೇ ಹೇಳುವವನು. ಆ ವರ್ಷ ನಿಜ ಹೇಳಿದ್ದ, ನಾವು ನಂಬಲಿಲ್ಲ. ಅಷ್ಟರಲ್ಲಿ ಮಾರಿದ್ದು ಹೋಗಿ, ನನ್ನ ನಾಲ್ಕು ಚೀಲ ಕಾಳು ಕೊಟ್ಟಿಗೆಯಲ್ಲೇ ಉಳಿಯಿತು. ಅಕ್ಟೋಬರಿನಲ್ಲಿ ಹೊಸ ಬೆಳೆ ಬಂತು. ಎಸೆನ್ ಕುದುರೆಗಳನ್ನು ಇಳಿಸಿ ತರಲು ಬೆಟ್ಟಕ್ಕೆ ಹೋಗಿದ್ದ. ನಾನು ಅಂಗಳದಲ್ಲಿ ಟಾರ್ಪಾಲು ಹಾಸಿ, ಹೊಸ ಕಾಳಿನ ರಾಶಿಯ ಮೇಲೆ ಹಳೆಯ ನಾಲ್ಕು ಚೀಲ ಸುರಿದು, ಸಲಿಕೆಯಲ್ಲಿ ಚೆನ್ನಾಗಿ ಮಗುಚಿ, ಮತ್ತೆ ನಲವತ್ತು ಚೀಲ ಕಟ್ಟಿಟ್ಟೆ. ಹಳೆಯದು ಕೊಂಚ ಹಳದಿ, ಅಷ್ಟೇ. ಕೊಟ್ಟಿಗೆಯ ಕತ್ತಲಲ್ಲಿ ಯಾರಿಗೆ ಕಾಣುತ್ತದೆ? ಗಂಡನಿಗೂ ಹೇಳಲಿಲ್ಲ. ಅವನದು ಕಡ್ಡಿ ಮುರಿದ ಹಾಗೆ ಮಾತಾಡುವ ಸ್ವಭಾವ. ಗೊತ್ತಾದರೆ ವ್ಯಾಪಾರಿಯ ಮುಂದೆ ಅವನೇ ಬಾಯಿಬಿಡುತ್ತಾನೆ ಅಂತ ಭಯ.

ಆ ಕಾಳು ಮಾರಲೇಬೇಕಿತ್ತು. ಮಾರ್ಚಿನ ನೌರೂಜ್ ಹಬ್ಬದೊಳಗೆ ಮಾರಾಟವಾಗದಿದ್ದರೆ ಎಸೆನ್ ಮಾಸ್ಕೋಗೆ ಹೋಗುವುದೆಂದು ಮಾತಾಗಿತ್ತು. ಅವನ ಅಕ್ಕನ ಮಗ ಅಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. "ಮಾಮನಿಗೂ ಜಾಗ ಇದೆ" ಎಂದು ಅವನ ಫೋನ್. ಮಾಮನಿಗೆ ಐವತ್ತೊಂದು, ಎಡ ಮೊಣಕಾಲು ಕುದುರೆ ಒದ್ದು ಹಾಳಾಗಿದೆ, ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುತ್ತಾನೆ. ಇವನು ಪೆಟ್ಟಿಗೆ ಹೊರುವುದೇ! ನಮ್ಮ ಬೀದಿಯಲ್ಲಿ ಹೀಗೆ ಒಂದು ಚಳಿಗಾಲಕ್ಕೆಂದು ಹೋದ ಗಂಡಸರಲ್ಲಿ ಇಬ್ಬರು ಏಳು ವರ್ಷವಾದರೂ ಬಂದಿಲ್ಲ, ಒಬ್ಬ ಪೆಟ್ಟಿಗೆಯಲ್ಲಿ ಬಂದ. ನನಗೆ ನನ್ನ ಗಂಡ ಮನೆಯಲ್ಲಿ ಬೇಕಿತ್ತು. ಅದಕ್ಕಾಗಿ ನಾಲ್ಕು ಚೀಲ ಅಲ್ಲ, ನಲವತ್ತು ಬೇಕಾದರೂ ಮಗುಚುತ್ತಿದ್ದೆ.

ಎರಡನೆಯ ದಿನ ಬೆಳಿಗ್ಗೆ ಜೆವ್ದೆತ್ ಹೊರಗೆ ಹೋದಾಗ ಅವನ ಕೋಣೆ ಗುಡಿಸಲು ಹೋದೆ. ಗುಡಿಸಲು ಅಂತ ಹೇಳುತ್ತಿದ್ದೇನೆ, ನೋಡಲು ಹೋದೆ ಅಂತ ನೀವು ತಿಳಿದುಕೊಂಡರೂ ತಪ್ಪಿಲ್ಲ. ಕಿಟಕಿಯಲ್ಲಿ ಗಾಜಿನ ಲೋಟ. ಲೋಟದಲ್ಲಿ ನೀರು. ನೀರಿನಲ್ಲಿ ಹತ್ತು ಕಾಳು. ನಮ್ಮ ಅಂಗಳದಲ್ಲಿ ಬಿದ್ದದ್ದನ್ನು ಆರಿಸಿ ತಂದಿದ್ದನೋ ಏನೋ. ಎಂಟು ಕಾಳು ಉಬ್ಬಿ ದುಂಡಗಾಗಿದ್ದವು. ಎರಡು ಸುಕ್ಕುಗಟ್ಟಿಕೊಂಡು, ಕಲ್ಲಿನ ಹಾಗೆ ಹಾಗೇ ಇದ್ದವು.

ಹಳೆ ಕಾಳು ಬೇಗ ನೀರು ಕುಡಿಯುವುದಿಲ್ಲ, ಅದು ನನಗೂ ಗೊತ್ತು. ಲೋಟದ ನೀರನ್ನು ಕಾಳಿನ ಸಮೇತ ಕಿಟಕಿಯಿಂದಾಚೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿದೆ. ಅವನು ಬಂದು, "ಅಕ್ಕಾ, ಇಲ್ಲಿದ್ದ ಲೋಟ?" ಎಂದ.

"ಬೆಕ್ಕು ಬೀಳಿಸಿಬಿಡ್ತಪ್ಪಾ."

"ಪರವಾಗಿಲ್ಲ" ಎಂದು ಅಂಗಳದ ಕಡೆ, ಬೇಲಿಯ ಕಡೆ, ಆಮೇಲೆ ನನ್ನ ಕಡೆ ನೋಡಿದ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ತಡೆಯಲಾಗಲಿಲ್ಲ. ಪಕ್ಕದ ಮನೆಯ ಬತ್ಮಾ ಅಕ್ಕನ ಹತ್ತಿರ ಓಡಿದೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾಲಿಗೆ ನನಗಿಂತ ಇಪ್ಪತ್ತು ವರ್ಷ ದೊಡ್ಡದು. ನಲವತ್ತೊಂದು ಕಾಳು ಹರಡಿ ಶಕುನ ಹೇಳುತ್ತಾಳೆ. ನಮ್ಮೂರಲ್ಲಿ ಮಾರುವುದು ಬಿಟ್ಟರೆ ಕಾಳಿಗೆ ಇರುವ ಉಪಯೋಗ ಅದೊಂದೇ. ಹಳೆ ಕಾಳಿನ ಮಾತು ಎತ್ತದೆ, ಲೋಟದಲ್ಲಿ ಕಾಳು ಇಟ್ಟಿದ್ದಾನೆ ಅಂತಷ್ಟೇ ಹೇಳಿದೆ.

"ನೀರಲ್ಲಿ?" ಬತ್ಮಾ ಅಕ್ಕ ಕಣ್ಣು ಕಿರಿದು ಮಾಡಿದಳು. "ಎಷ್ಟು?"

"ಹತ್ತು."

"ಹತ್ತರಲ್ಲಿ ಶಕುನ ನೋಡೋದು ಎಲ್ಲೂ ಇಲ್ಲ. ಅದು ಬೇರೇನೋ. ಸಾಲ್ಕಿನ್, ಅವನು ಬೆಲೆ ಕೇಳಿದ್ನಾ?"

"ಇಲ್ಲ."

"ಚೌಕಾಸಿ?"

"ಇಲ್ಲ ಅಕ್ಕಾ. ಯಾವಾಗ ಕೊಯ್ದಿದ್ದು, ಎಲ್ಲಿ ಇಟ್ಟಿದ್ದು, ಬರೀ ಅದೇ ಪ್ರಶ್ನೆ. ಸಣ್ಣ ಪುಸ್ತಕದಲ್ಲಿ ಬರ್ಕೋತಾನೆ."

"ಚೌಕಾಸಿ ಮಾಡದ ವ್ಯಾಪಾರಿನಾ! ನಂಗೂ ಕೇಳ್ದ ಕಣೇ, ಕಾಳು ಬೇಯಿಸಿ ಕೊಡ್ತೀರಾ ಅಂತ. ನಾನೇನು ದನಕ್ಕೆ ಅಡುಗೆ ಮಾಡೋಳಾ ಅಂತ ಬೈದು ಕಳಿಸ್ದೆ. ಅವನು ತೆರಿಗೆಯವನೇ ಇರ್ಬೇಕು. ಇಲ್ಲಾ ಗಡಿಯವರು ಕಳ್ಸಿರೋ ಗೂಢಚಾರ. ಯಾರ ಕೊಟ್ಟಿಗೇಲಿ ಎಷ್ಟಿದೆ ಅಂತ ಪಟ್ಟಿ ಮಾಡೋಕೆ ಬಂದಿದ್ದಾನೆ."

ಅಷ್ಟು ಹೇಳಿ ಗಂಟು ಬಿಚ್ಚಿ, ನಲವತ್ತೊಂದು ಕಾಳನ್ನು ಬಟ್ಟೆಯ ಮೇಲೆ ಹರಡಿ, ಮೂರು ಗುಂಪು, ಮತ್ತೆ ಮೂರು ಗುಂಪು ಮಾಡಿದಳು. ಕೊನೆಗೆ ತಲೆಯಾಡಿಸಿದಳು.

"ನೋಡು, ಬಾಗಿಲಲ್ಲಿ ಸುಳ್ಳು ಕೂತಿದೆ."

"ಯಾರ ಬಾಗಿಲಲ್ಲಿ?"

"ನಿಮ್ಮನೇಲಿ ತಾನೇ ಅವನು ಇರೋದು? ನಿಮ್ಮ ಬಾಗಿಲಲ್ಲೇ."

ಬತ್ಮಾ ಅಕ್ಕ ಅದು ತುರ್ಕಿಯವನ ಸುಳ್ಳು ಅಂದುಕೊಂಡಳು. ನಾನೂ ಹಾಗೇ ಅಂದುಕೊಳ್ಳಲು ಶಕ್ತಿ ಮೀರಿ ಪ್ರಯತ್ನಪಟ್ಟೆ.

ಅಂದು ಮಧ್ಯಾಹ್ನದೊಳಗೆ ಅಂಗಡಿಯ ಮುಂದೆ ಊರೆಲ್ಲ ಒಂದಾಯಿತು. ಯಾರೂ ಅವನಿಗೆ ಕೊಟ್ಟಿಗೆ ತೋರಿಸಬಾರದು. ಆದರೆ ಅತಿಥಿಯನ್ನು ಹೊರಗೆ ಹಾಕುವಂತಿಲ್ಲ, ಅದು ನಮ್ಮಲ್ಲಿ ಆಗದ ಮಾತು. ಹಾಗಾದರೆ ಏನು? ಉಣ್ಣಿಸುವುದು. ಮನೆಯಿಂದ ಮನೆಗೆ ಕರೆದು ಉಣ್ಣಿಸುವುದು. ಬಾಯಿ ಖಾಲಿಯಿದ್ದರೆ ತಾನೇ ಪ್ರಶ್ನೆ ಕೇಳುವುದು? ಪಾಪ, ಮೂರು ದಿನದಲ್ಲಿ ಏಳು ಮನೆಯಲ್ಲಿ ಏಳು ಕುರಿ ಕತ್ತರಿಸಿದರು. ಪ್ರತಿ ಮನೆಯಲ್ಲೂ ಅವನು, "ಒಂದು ಹಿಡಿ ಕಾಳು..." ಎಂದು ಶುರು ಮಾಡುವುದು, ಪ್ರತಿ ಮನೆಯ ಯಜಮಾನನೂ, "ಮೊದಲು ಇದನ್ನ ತಿನ್ನು ತಮ್ಮಾ" ಎಂದು ಇನ್ನೊಂದು ಮೂಳೆ ಮುಂದೆ ತಳ್ಳುವುದು. ಕೊನೆಯ ಮನೆಯಲ್ಲಂತೂ ಅವನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದ ಎಂದು ಬತ್ಮಾ ಅಕ್ಕ ಬಿದ್ದು ಬಿದ್ದು ನಕ್ಕಳು.

ನನಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ಆ ಮೂರು ದಿನ ನಾನು ಇನ್ನೊಬ್ಬನ ಮೇಲೂ ಕಣ್ಣಿಟ್ಟಿದ್ದೆ. ಎಸೆನ್ ಕೊಟ್ಟಿಗೆಯ ಹಿಂದೆ ನಿಂತು ಮತ್ತೆ ಮತ್ತೆ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಹತ್ತಿರ ಹೋದರೆ, "ಆಯ್ತಪ್ಪ, ಇಡ್ತೀನಿ" ಎನ್ನುತ್ತಿದ್ದ. ಅಟ್ಟದಿಂದ ಹಳೆಯ ಬ್ಯಾಗು ಇಳಿಸಿ ಧೂಳು ಝಾಡಿಸಿದ್ದ. ಎರಡನೆಯ ದಿನ ಸಂಜೆ ಅಂಗಳದಲ್ಲಿ ತುರ್ಕಿಯವನ ಜೊತೆ ತಲೆಗೆ ತಲೆ ತಾಗಿಸಿ ಏನೋ ಮಾತಾಡಿದ್ದೂ ಕಂಡಿತು. ಅದಾದ ಮೇಲೆ ಜೆವ್ದೆತ್ ನನ್ನ ಹತ್ತಿರ ಕಾಳಿನ ಸುದ್ದಿಯನ್ನೇ ಎತ್ತಲಿಲ್ಲ.

"ಏನ್ರೀ ಮಾತಾಡಿದ್ರಿ ಅವನ ಜೊತೆ?" ಎಂದು ಕೇಳಿದೆ.

"ಹವಾಮಾನ" ಎಂದ.

ಐದನೆಯ ಬೆಳಿಗ್ಗೆ ಜೆವ್ದೆತ್ ಹೊರಟ. ನಮ್ಮ ಪದ್ಧತಿಯಂತೆ ಬಾಗಿಲಲ್ಲಿ ನಾನು ಹಿಡಿದ ರೊಟ್ಟಿಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಋಣ ತೀರಿಸೋಕಾಗಲ್ಲ ಅಕ್ಕಾ, ಬಹಳ ತಿಂದೆ" ಎಂದ. ಕಾರು ತಿರುವು ದಾಟಿದ ಮೇಲೆ ನನಗೆ ಎಷ್ಟು ಸಂತೋಷವಾಯಿತೆಂದರೆ ಅಂಗಳದಲ್ಲೇ ಕೂತು ಒಂದು ಉಸಿರು ಬಿಟ್ಟೆ. ಪೀಡೆ ಕಳೆಯಿತು ಅಂದುಕೊಂಡೆ.

ಎರಡು ದಿನ ಕಳೆದು ದಲ್ಲಾಳಿ ಆಲಿಮ್‌ಕುಲ್ ಬಂದ. ಕಿವಿಯವರೆಗೆ ಕೆಂಪಾಗಿದ್ದ.

"ಮಂಕು ಬಡ್ದಿತ್ತಾ ನಿಮಗೆಲ್ಲ? ಗೇಟು ತೆಗ್ದಿದೆ! ಆ ತುರ್ಕಿಯವನು ಕೆಳಗಿನ ಊರಲ್ಲಿ ಲಾರಿ ತುಂಬಿಸ್ತಿದ್ದಾನೆ! ನನ್ನನ್ನೂ ಬಿಟ್ಟು!"

"ಸುಳ್ಳು" ಎಂದೆ. ಅವನ ಮಾತು ಯಾವತ್ತು ನಂಬಿದ್ದೆ, ಇವತ್ತು ನಂಬಲು? ಆದರೂ ಮುಂದಿನ ವ್ಯಾನು ಹತ್ತಿ ಕೆಳಗಿನ ಊರಿಗೆ ಹೋದೆ, ಗಂಡನಿಗೆ ಹೇಳದೆ.

ಸುಳ್ಳಾಗಿರಲಿಲ್ಲ. ಶಾಲೆಯ ಮುಂದೆ ಉದ್ದನೆಯ ಲಾರಿ ನಿಂತಿತ್ತು. ಗಂಡಸರು ಚೀಲ ಹೊತ್ತು ಏರಿಸುತ್ತಿದ್ದರು, ಹಿಂಬಾಗಿಲಿನವರೆಗೂ ತುಂಬಿತ್ತು. ಪಕ್ಕದಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಜೆವ್ದೆತ್, ಅವನ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬೆಂದ ಕಾಳು, ಮೇಲೆ ಈರುಳ್ಳಿ. ಚಮಚದಲ್ಲಿ ತಿನ್ನುತ್ತಿದ್ದ, ದೇವರಾಣೆ, ಮುಖ ಅರಳಿಸಿಕೊಂಡು ತಿನ್ನುತ್ತಿದ್ದ.

"ಅಕ್ಕಾ! ಬನ್ನಿ, ಕೂತ್ಕೊಳ್ಳಿ" ಎಂದ. "ಇವರು ಕಾಲಿಮಾ. ಮೊದಲು ಕಾಳು ಬೇಯಿಸಿ ಕೊಟ್ಟವರು ಇವರೇ."

ಕಾಲಿಮಾ ವಿಧವೆ, ನನಗೆ ಗೊತ್ತು. ಅವಳು ಲಂಗಕ್ಕೆ ಕೈ ಒರೆಸಿಕೊಂಡು ನಾಚುತ್ತಾ, "ನನ್ನತ್ರ ಕುರಿ ಇರ್ಲಿಲ್ಲ ಸಾಲ್ಕಿನ್. ಕೇಳಿದ್ನಲ್ಲ ಅಂತ ಇದ್ದಿದ್ದನ್ನೇ ಬೇಯಿಸ್ದೆ. ಹಳೇದು ಯಾವುದು ಹೊಸದು ಯಾವುದು ಅಂತಾನೂ ತೋರಿಸ್ದೆ. ಹಳೇದನ್ನೂ ತಗೊಂಡ ಕಣೇ, ಬೆಲೆ ಒಂದಿಷ್ಟು ಕಮ್ಮಿ ಮಾಡಿ" ಎಂದಳು.

"ಹಳೇದನ್ನೂನಾ?"

"ಹಳೇದು ಹಿಟ್ಟಿನ ಗಿರಣಿಗೆ, ಹೊಸದು ಡಬ್ಬಿ ಕಟ್ಟೋರಿಗೆ" ಎಂದ ಜೆವ್ದೆತ್. "ಬೆರೆತ್ರೆ ಮಾತ್ರ ಕಷ್ಟ. ಡಬ್ಬಿಯೊಳಗೆ ಒಂದು ಬೇಯುತ್ತೆ, ಒಂದು ಕಲ್ಲಾಗಿರುತ್ತೆ. ಹೋದ ವರ್ಷ ನಿಂತ ಕಾಳು ಈ ಸಲ ಎಲ್ಲ ಊರಲ್ಲೂ ಇರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಬೇಯಿಸಿ ನೋಡ್ಬೇಕು ಅಂದೆ. ನೋಡಿದ್ರೆ ತಿಳಿಯಲ್ಲ, ತಿಂದ್ರೇ ತಿಳಿಯೋದು."

"ಹಾಗಂತ ಹೇಳ್ಬಾರ್ದಿತ್ತಾ?" ನನ್ನ ಧ್ವನಿ ಏರಿತು. "ನಾಲ್ಕು ದಿನ ನಮ್ಮ ಮನೇಲಿದ್ದೆ! ಬಾಯಲ್ಲಿ ಏನಿತ್ತು?"

"ಕುರಿ ಮಾಂಸ" ಎಂದ. ಲಾರಿಯ ಮೇಲಿದ್ದವರು ನಕ್ಕರು. ಅವನು ನಗಲಿಲ್ಲ, ತಟ್ಟೆ ಕೆಳಗಿಟ್ಟು ಹತ್ತಿರ ಬಂದ. "ಬೇರೆ ಮನೆಯವರ ವಿಷಯ ಬಿಡಿ. ನಿಮ್ಮನೇಲಿ ಹೇಗೆ ಹೇಳ್ಲಿ ಅಕ್ಕಾ? ಎರಡನೇ ದಿನಾನೇ ನಿಮ್ಮ ಯಜಮಾನ್ರು ಹೇಳಿದ್ರಲ್ಲ, ನಮ್ಮ ಕಾಳು ಮಾರಾಟ ಆಗಿದೆ, ನಮ್ಮನೆಯೋಳ ಹತ್ರ ಆ ಮಾತು ಎತ್ತಬೇಡ, ಬೇಜಾರು ಮಾಡ್ಕೋತಾಳೆ ಅಂತ."

ನಾನು ಕಾಲಿಮಾಳ ಭುಜ ಹಿಡಿದುಕೊಂಡೆ. ಇನ್ನೊಂದು ಲಾರಿ ಯಾವಾಗ ಎಂದು ಕೇಳುವಷ್ಟು ಬುದ್ಧಿ ಹೇಗೋ ಉಳಿದಿತ್ತು. ಅವನು ಕೈ ಅಗಲಿಸಿದ. "ಗೇಟು ಈ ವಾರ ತೆರೆದಿದೆ. ಮುಂದಿನ ವಾರ ಗೊತ್ತಿಲ್ಲ. ತೆರೆಯೋರು ಕಾಳು ಬೆಳೆಯೋರೂ ಅಲ್ಲ, ತಿನ್ನೋರೂ ಅಲ್ಲ."

ವಾಪಸು ಬರುವ ವ್ಯಾನಿನಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಲೆಕ್ಕ ಸರಿಯಾಗಿ ಕೂತಿತ್ತು. ಕೊಟ್ಟಿಗೆಯ ಹಿಂದಿನ ಫೋನು, ಇಳಿಸಿಟ್ಟ ಬ್ಯಾಗು, "ಹವಾಮಾನ". ಹೋಗಬೇಕೆಂದೇ ಇದ್ದಾನೆ! ಕಾಳು ಮಾರಾಟವಾದರೆ ಇರಬೇಕಾಗುತ್ತದಲ್ಲ, ಅದಕ್ಕೇ ವ್ಯಾಪಾರಿಯನ್ನು ಓಡಿಸಿದ. ಮಾಸ್ಕೋದಲ್ಲಿ ಯಾರಿದ್ದಾಳೆ? ಗೋದಾಮಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ನಮ್ಮ ಕಡೆಯವಳೇ ಎಂದು ಅವನ ಅಕ್ಕನ ಮಗ ಒಮ್ಮೆ ಹೇಳಿದ್ದ. ಮನೆ ಮುಟ್ಟುವಷ್ಟರಲ್ಲಿ ಆ ಹೆಂಗಸಿಗೆ ಕೂದಲಿನ ಬಣ್ಣ, ರೇಷ್ಮೆ ಶಾಲು, ಎರಡು ಚಿನ್ನದ ಹಲ್ಲು, ಎಲ್ಲವನ್ನೂ ನಾನೇ ಕೊಟ್ಟಿದ್ದೆ.

ಎಸೆನ್ ಅಂಗಳದಲ್ಲಿ ಹುಲ್ಲು ಹಾಕುತ್ತಿದ್ದ.

"ಹೋಗ್ಬೇಕು ಅಂತಿದ್ರೆ ನೆಟ್ಟಗೆ ಹೇಳಿ ಹೋಗ್ರೀ!" ಎಂದು ಗೇಟಿನಿಂದಲೇ ಕೂಗಿದೆ. "ಮನೆಗೆ ಬಂದ ವ್ಯಾಪಾರೀನ ಸುಳ್ಳು ಹೇಳಿ ಯಾಕೆ ಓಡಿಸ್ಬೇಕಿತ್ತು? ಯಾರವಳು?"

"ಯಾವಳು?"

"ನಾಟಕ ಬೇಡ! ಕಾಳು ಮಾರಿ ಆಗಿದೆ ಅಂದ್ರಂತೆ! ಯಾರಿಗೆ ಮಾರಿದ್ರಿ? ಹೇಳಿ!"

ಅವನು ಹುಲ್ಲಿನ ಕವೆಗೋಲನ್ನು ಗೋಡೆಗೆ ಒರಗಿಸಿದ. ಬೇಲಿಯಾಚೆ ಬತ್ಮಾ ಅಕ್ಕ ಇದ್ದಾಳೋ ಎಂದು ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ಅಕ್ಟೋಬರಲ್ಲಿ ನಾನು ಬೆಟ್ಟದಿಂದ ಒಂದು ದಿನ ಮೊದಲೇ ಬಂದಿದ್ದೆ ಕಣೇ. ಉಪ್ಪು ಖಾಲಿಯಾಗಿತ್ತು. ಗೇಟಿನ ಹತ್ರ ಬಂದಾಗ ನೀನು ಟಾರ್ಪಾಲಿನ ಮೇಲೆ ನಿಂತು ಸಲಿಕೇಲಿ ಮಗುಚ್ತಿದ್ದೆ. ಬೆವರು ಸುರೀತಿತ್ತು. ಅಳ್ತಾನೂ ಇದ್ದೆ. ನಾನು ಕುದುರೆ ತಿರುಗಿಸ್ಕೊಂಡು ಹೋದೆ. ಮಾರನೇ ದಿನ ಬಂದೆ."

ಎಸೆನ್ ಕೈಗಂಟಿದ ಹುಲ್ಲು ಕೊಡವಿದ.

"ಆ ತುರ್ಕಿಯವನು ಲೋಟದಲ್ಲಿ ಕಾಳು ಹಾಕಿಟ್ಟಾಗಲೇ ನಂಗೆ ಗೊತ್ತಾಯ್ತು, ಇವನು ಹಳೇದನ್ನ ಹುಡುಕೋನು ಅಂತ. ಊರವರ ಮುಂದೆ ನಿನ್ನ ಚೀಲಕ್ಕೆ ಕೈ ಹಾಕಿ ಎತ್ತಿ ತೋರಿಸಿಬಿಟ್ರೆ? ಬತ್ಮಾ ಬಾಯಿಗೆ ನೀನು ಸಿಕ್ರೆ? ನೀನು ಬದುಕಿರೋವರೆಗೂ ಆ ನಾಲ್ಕು ಚೀಲದ ಹೆಸರಲ್ಲೇ ನಿನ್ನ ಕರೀತಾರೆ. ಅದಕ್ಕಿಂತ ನಾನು ಒಂದು ವರ್ಷ ಪೆಟ್ಟಿಗೆ ಹೊತ್ಕೊಂಡು ಬರೋದೇ ವಾಸಿ ಅನ್ನಿಸ್ತು."

"ನಂಗೆ ಹೇಳ್ಬಹುದಿತ್ತಲ್ರೀ."

"ನೀನು ನಂಗೆ ಹೇಳ್ಬಹುದಿತ್ತು."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕೊಂದಿತು. ಮೂರು ದಿನ ಕಳ್ಳನನ್ನು ಕಾಯುವಂತೆ ಕಾದಿದ್ದೆನಲ್ಲ ಇವನನ್ನು. ಹೋಗಬೇಡಿ ಎಂದು ಕೈ ಹಿಡಿದು ಅತ್ತೆ. ಹಳೆಯದನ್ನೂ ಹೊಸದನ್ನೂ ಒಂದೊಂದೇ ಕಾಳು ಬೇರೆ ಮಾಡುತ್ತೇನೆ ಎಂದೆ. ಇಬ್ಬರೂ ಕೂತು ಬೇರೆ ಮಾಡತೊಡಗಿದೆವು ಕೂಡ. ಎರಡು ಚೀಲ ಮುಗಿಯುವಷ್ಟರಲ್ಲಿ ಗೇಟು ಮತ್ತೆ ಮುಚ್ಚಿತೆಂದು ಆಲಿಮ್‌ಕುಲ್ ಬಂದು ಹೇಳಿದ. ಈ ಸಲ ನಂಬಿದೆವು.

ನೌರೂಜ್ ಮುಗಿದ ಮೂರನೆಯ ದಿನ ಎಸೆನ್ ಮಾಸ್ಕೋಗೆ ಹೊರಡುವ ವ್ಯಾನು ಬಂತು. ಬೀದಿಯ ಕೊನೆಯಲ್ಲಿ ಊರವರು ನಿಂತಿದ್ದರು. ಬತ್ಮಾ ಅಕ್ಕನೂ ಇದ್ದಳು. ಎಸೆನ್ ಎಲ್ಲರ ಕೈ ಕುಲುಕಿ, ಎಡಗಾಲನ್ನು ಎರಡು ಕೈಯಲ್ಲಿ ಎತ್ತಿ ಒಳಗಿಟ್ಟು ವ್ಯಾನು ಹತ್ತಿದ. ಆ ಕಾಲನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಯಾರ ಮುಖ, ಯಾರ ಮಾನ? ಅದನ್ನು ಉಳಿಸಲು ತಾನೇ ಇವನು ಹೋಗುತ್ತಿರುವುದು. ಉಳಿಸಿಕೊಂಡು ನಾನೇನು ಮಾಡಲಿ?

"ನಾನು ಬೆರೆಸಿದ್ದೆ!" ಎಂದು ಕೂಗಿದೆ. "ಕೇಳ್ರೀ ಎಲ್ರೂ! ಹೋದ ವರ್ಷದ್ದು ನಾಲ್ಕು ಚೀಲ ಹಳೆ ಕಾಳು ಹೊಸದಕ್ಕೆ ಬೆರೆಸಿದ್ದೆ! ಅದಕ್ಕೇ ಆ ತುರ್ಕಿಯವನು ಗೂಢಚಾರ ಅಂದಾಗ ಸುಮ್ಮನಿದ್ದಿದ್ದು!"

ವ್ಯಾನಿನವನು ಇಂಜಿನ್ ನಿಲ್ಲಿಸಿದ. ಯಾರಾದರೂ ಉಗುಳುತ್ತಾರೆ ಎಂದು ಕಾದು ನಿಂತೆ.

ಬತ್ಮಾ ಅಕ್ಕ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ನಾಲ್ಕೇನಾ?" ಎಂದಳು. "ನಾನು ಒಂಬತ್ತು."

ಅಂಗಡಿಯವನು, "ನಮ್ಮದು ಆರು" ಎಂದ. ಅವನ ಹಿಂದೆ ಇನ್ನೊಬ್ಬ, ಅವನ ಪಕ್ಕ ಮತ್ತೊಬ್ಬಳು. ಏಳು ಕುರಿ ಕೊಯ್ದ ಏಳು ಮನೆಯವರೂ ನೆಲ ನೋಡುತ್ತಾ ಒಂದೊಂದು ಅಂಕಿ ಹೇಳಿದರು. ವ್ಯಾನಿನ ಕಿಟಕಿಯ ಗಾಜಿನ ಹಿಂದೆ ಎಸೆನ್ ನನ್ನನ್ನೇ ನೋಡುತ್ತಿದ್ದ, ಬಾಯಿ ತುಸು ತೆರೆದಿತ್ತು. ಡ್ರೈವರು, ನಗರದಲ್ಲಿ ರೈಲು ತಪ್ಪುತ್ತದೆ ಎಂದು ಗೊಣಗಿ ಇಂಜಿನ್ ಶುರು ಮಾಡಿದ, ವ್ಯಾನು ಹೊರಟಿತು.